ಅಮ್ಮನ ಅಣಬೆ ಕೋಣೆಗೆ ಸೆನ್ಸರ್, ಕ್ಯಾಮೆರಾ ಹಾಕಿದ ಅನುಭವ

ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ಅಮ್ಮ ಕೆಲವು ವರ್ಷಗಳಿಂದ ಚಿಪ್ಪಣಬೆ ಬೆಳೆಯುತ್ತಿದ್ದಾರೆ. ದೀಪಾವಳಿ ಕಳೆದ ಮೇಲೆ ಆ ಕೋಣೆಗೆ ಸೆನ್ಸರ್, ಕ್ಯಾಮೆರಾ ಹಾಕಲು ಶುರು ಮಾಡಿದೆವು. ಎಲ್ಲವೂ ಒಂದು ಹದಕ್ಕೆ ಬರುವಾಗ ಮಳೆಗಾಲ ಹಿಡಿದಿತ್ತು. ಈಗಷ್ಟೇ ಮುಗಿದಿದೆ, ವಿಷಯ ಇನ್ನೂ ತಲೆಯಲ್ಲಿ ಬಿಸಿಯಾಗಿ ಇದೆ. ಕರಾವಳಿಯ ಹವೆಗೆ ಹೊಂದುವ ಹಾಗೆ ಇದನ್ನು ಯಾರೂ ಕನ್ನಡದಲ್ಲಿ ಬರೆದಿಟ್ಟದ್ದು ನನಗೆ ಸಿಗಲಿಲ್ಲ. ಮಾಡಬೇಕು ಅಂತ ಇರುವವರಿಗೆ ಸ್ವಲ್ಪ ದಾರಿ ಸಲೀಸಾಗಲಿ ಅಂತ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ಅಮ್ಮನ ಕೆಮ್ಮು. ಬೆಳಿಗ್ಗೆ ಐದು ಗಂಟೆಗೆ ಎದ್ದು ಕೋಣೆಗೆ ಹೋಗಿ, ಅಣಬೆ ಬೆಳೆಯುವ ಬೈಹುಲ್ಲು ತುಂಬಿದ ಚೀಲಗಳಿಗೆ ನೀರು ಚಿಮುಕಿಸಿ, ಅರಳಿದ್ದನ್ನು ಕೊಯ್ದು ಹೊರಗೆ ಬಂದರೆ ಕೆಮ್ಮು ಶುರು. ಮಧ್ಯಾಹ್ನದವರೆಗೂ ಬಿಡುತ್ತಿರಲಿಲ್ಲ. ಮೊದಲು ಶೀತ ಅಂದುಕೊಂಡೆವು, ಆಮೇಲೆ ಧೂಳು ಅಂದುಕೊಂಡೆವು. ಡಾಕ್ಟರ್ ಕೆಲಸ ಏನು ಅಂತ ವಿವರವಾಗಿ ಕೇಳಿದ ಮೇಲೆ ಗೊತ್ತಾಯಿತು. ಚಿಪ್ಪಣಬೆ ಅರಳಿ ಅಂಚು ಮೇಲೆದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳನ್ನು ರಾಶಿ ರಾಶಿ ಗಾಳಿಗೆ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ದಿನವೂ ಅದನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಅಲರ್ಜಿ ಬರಬಹುದು. ಅಣಬೆ ಕೆಲಸ ಮಾಡುವವರಲ್ಲಿ ಇದು ಗೊತ್ತಿರುವ ಕಾಯಿಲೆಯೇ. "ಕೋಣೆಯೊಳಗೆ ಇರುವ ಹೊತ್ತು ಕಡಿಮೆ ಮಾಡಿ, ಹೋಗುವಾಗ ಎನ್95 ಮಾಸ್ಕ್ ಹಾಕಿ" ಅಂದರು ಡಾಕ್ಟರ್. ಅಣಬೆ ಬಿಡು ಅಂದರೆ ಅಮ್ಮ ಬಿಡುವವರಲ್ಲ. "ನನ್ನ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಇದರಿಂದಲೇ ಅಲ್ವಾ ಮಗ" ಅಂದರು. ಹಾಗಾದರೆ ಕೋಣೆ ಅಮ್ಮನಿಲ್ಲದೆಯೂ ನಡೆಯುವ ಹಾಗಾಗಬೇಕು. ಅಣಬೆ ಬೀಜಕಣ ಬಿಡುವ ಮೊದಲೇ ಕೊಯ್ಲಿಗೆ ಬಂತು ಅಂತ ಹೊರಗೆ ತಿಳಿಯಬೇಕು. ನಾನು ಇನ್ವರ್ಟರ್, ಪಂಪ್ ರಿಪೇರಿ ಮಾಡುವವನು. ವೈರಿಂಗ್ ಗೊತ್ತು. ಕಂಪ್ಯೂಟರ್ ಕಡೆಯದ್ದಕ್ಕೆ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಜೊತೆಯಾದ.

ಹುಡುಕಲು ಕೂತಾಗ ಒಂದು ವಿಚಿತ್ರ ಕಂಡಿತು. ಮುಚ್ಚಿದ ಕೋಣೆಯಲ್ಲಿ ಸೆನ್ಸರ್, ಕ್ಯಾಮೆರಾ ಇಟ್ಟು ಬೆಳೆ ತೆಗೆಯುವ ಬಗ್ಗೆ ಸಿಕ್ಕಿದ ವಿಡಿಯೊ, ಕೋಡ್ ಎಲ್ಲ ಹೆಚ್ಚಾಗಿ ಗಾಂಜಾ ಬೆಳೆಯುವವರದ್ದು. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಅದು ಕಾನೂನುಬದ್ಧ. ಅಲ್ಲಿ ಇದಕ್ಕೆ ದುಡ್ಡು ಸುರಿದು ಕೆಲಸ ಮಾಡಿದ್ದಾರೆ. ಎಲೆಯ ಬಣ್ಣ ನೋಡಿ ಗೊಬ್ಬರದ ಕೊರತೆ ಹೇಳುವ ಕ್ಯಾಮೆರಾ, ಶಾಖ ಮತ್ತು ತೇವ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಕಂಟ್ರೋಲರ್, ಎಲ್ಲ ಉಂಟು. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಮನೆಯಲ್ಲಿ ಗಾಂಜಾ ಗಿಡ ಬೆಳೆಸುವುದು ಅಪರಾಧ. ಅದರ ಹತ್ತಿರವೂ ಹೋಗಬೇಡಿ. ಆದರೆ ತಂತ್ರ ನೋಡಿ ಕಲಿಯಲು ಅಡ್ಡಿಯಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಆ ಕೋಡ್ ಗಿಡಕ್ಕೆ ಬರೆದದ್ದು. ಗಿಡ ಬೆಳಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ತಿನ್ನುತ್ತದೆ. ಹಾಗಾಗಿ ಅವರು ಸಿಲಿಂಡರ್ ಇಟ್ಟು ಅದನ್ನು 1,000ದಿಂದ 1,500 ಪಿಪಿಎಂವರೆಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನುವ ಅಳತೆ) ಏರಿಸುತ್ತಾರೆ. ಅಣಬೆ ನಮ್ಮ ಹಾಗೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಬಿಡುತ್ತದೆ. ಮೊಗ್ಗು ಬಂದ ಮೇಲೆ ಅದು 1,000 ಪಿಪಿಎಂ ಒಳಗೇ ಇರಬೇಕು. ಜಾಸ್ತಿಯಾದರೆ ಕಾಂಡ ಉದ್ದ, ಟೋಪಿ ಸಣ್ಣ. ಅಂಥದ್ದನ್ನು ಮಾರ್ಕೆಟ್‌ನಲ್ಲಿ ಯಾರೂ ಕೇಳುವುದಿಲ್ಲ. ಅಂದರೆ ಆ ಕಂಟ್ರೋಲರ್‌ನ ಗಾಳಿಯ ಲೆಕ್ಕವನ್ನು ಪೂರ್ತಿ ತಿರುಗಿಸಿ ಬರೆಯಬೇಕು. ಅಕ್ಕನ ಮಗ ಮೊದಲು ಕೂತು ಮಾಡಿದ್ದೇ ಅದು.

ಹಣಕ್ಕೆ ಬ್ಯಾಂಕಿನಲ್ಲಿ ಮುದ್ರಾ ಸಾಲ (ಸಣ್ಣ ಉದ್ದಿಮೆಗೆ ಕೇಂದ್ರ ಸರ್ಕಾರದ ಯೋಜನೆ) ಕೇಳಿದೆವು. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಕೊಡುತ್ತಾರೆ. ಸಾಲ ಅಮ್ಮನ ಹೆಸರಿನಲ್ಲಿ. ಆಧಾರ್, ಪ್ಯಾನ್, ಫೋಟೊ, ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್, ಪಾಸ್‌ಬುಕ್ ನಕಲು ಇವೆಲ್ಲ ಕೈಯಲ್ಲೇ ಇತ್ತು. ಸಿಕ್ಕಿಬಿದ್ದದ್ದು ಕೊಟೇಶನ್ ವಿಷಯದಲ್ಲಿ. ಸೆನ್ಸರ್‌ಗಳು ಆನ್‌ಲೈನ್‌ನಲ್ಲಿ ಸಿಗುವಂಥವು. ವೆಬ್‌ಸೈಟ್‌ನ ಪುಟ ಪ್ರಿಂಟ್ ಮಾಡಿ ಕೊಟ್ಟರೆ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಜಿಎಸ್‌ಟಿ ನಂಬರ್ ಇರುವ ಅಂಗಡಿಯ ಸೀಲು, ಸಹಿ ಬೇಕು. ಅದರ ಮೇಲೆ "ಇದು ಕೃಷಿಯೋ, ಉದ್ದಿಮೆಯೋ" ಅಂತ ಪ್ರಶ್ನೆ. ಕೃಷಿ ಅಂದರೆ ಪಹಣಿ ತನ್ನಿ ಅನ್ನುತ್ತಾರೆ, ಉದ್ದಿಮೆ ಅಂದರೆ ಕೊಟ್ಟಿಗೆ ನೋಡಬೇಕು ಅನ್ನುತ್ತಾರೆ. ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಫೈಲು ಹೋಗಿ ಬರುತ್ತಲೇ ಇತ್ತು. ಅಮ್ಮ ಪ್ರತಿ ಸಲ ಒಳ್ಳೆ ಸೀರೆ ಉಟ್ಟು ತಯಾರಾಗಿ, ಬೆಂಚಿನ ಮೇಲೆ ಕಾದು ಕಾದು ವಾಪಸು ಬರುವುದನ್ನು ನೋಡಿ ನನಗೆ ತುಂಬಾ ಬೇಸರವಾಗಿತ್ತು. ಕೊನೆಗೆ ಅಣಬೆ ಒಣಗಿಸಿ ಪೊಟ್ಟಣ ಮಾಡುವ ಡ್ರೈಯರ್ ಸೇರಿಸಿ, ಖರ್ಚು ಎಷ್ಟು, ತಿಂಗಳಿಗೆ ಮಾರಾಟ ಎಷ್ಟು ಅಂತ ಎರಡು ಪುಟದಲ್ಲಿ ಬರೆದು ಕೊಟ್ಟ ಮೇಲೆ ಫೈಲು ಮುಂದೆ ಹೋಯಿತು. ನೀವು ಹೋಗುವುದಾದರೆ ಕೊಟೇಶನ್ ಮತ್ತು ಈ ಎರಡು ಪುಟ ಮೊದಲ ದಿನವೇ ಕೈಯಲ್ಲಿರಲಿ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಹೇಳಿದರೆ ಅವರೇ ಸಾಮಾನು ತರಿಸಿ ಬಿಲ್ ಮಾಡಿ ಕೊಡುತ್ತಾರೆ. ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಓಡಾಟ ಉಳಿಯುತ್ತದೆ.

ಸಾಲಕ್ಕೆ ಕಾಯುತ್ತಾ ಕೂರುವ ಬದಲು ಸೆನ್ಸರ್‌ಗಳನ್ನು ಕೈಯಿಂದಲೇ ಹಣ ಹಾಕಿ ತರಿಸಿದೆವು. ಮೊದಲು ಬಂದ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಸುಳ್ಳಿನದು. ಮಾರಿದವರು ಹೆಸರು ಹಾಗೆ ಹಾಕಿದ್ದರು, ಒಳಗಿದ್ದದ್ದು ಬೇರೆ ಆವಿಗಳನ್ನು ಅಳೆದು ಕಾರ್ಬನ್ ಡೈಆಕ್ಸೈಡ್ ಎಷ್ಟಿರಬಹುದು ಅಂತ ಅಂದಾಜು ಹೇಳುವ ಚಿಪ್. ಅಣಬೆ ಕೋಣೆಯಲ್ಲಿ ಹುಲ್ಲಿನ ವಾಸನೆಗೇ ಅದು ಹುಚ್ಚುಹುಚ್ಚಾಗಿ ಏರುತ್ತದೆ. ವಿವರದಲ್ಲಿ 'ಇಸಿಒ2' ಅಂತ ಇದ್ದರೆ ತೆಗೆದುಕೊಳ್ಳಬೇಡಿ. ಎನ್‌ಡಿಐಆರ್ ಅಥವಾ ಫೋಟೊಅಕೌಸ್ಟಿಕ್ ಅಂತ ಇರಬೇಕು, ಇವು ಇನ್‌ಫ್ರಾರೆಡ್ ಬೆಳಕಿನಿಂದ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುತ್ತವೆ. ನಾವು ಆಮೇಲೆ ತರಿಸಿದ್ದು ಫೋಟೊಅಕೌಸ್ಟಿಕ್ ಬಗೆಯ ಎಸ್‌ಸಿಡಿ41. ಬೆಲೆ ಮೂರು ಸಾವಿರದ ಮೇಲೆ, ಆದರೆ ನಂಬಬಹುದು.

ಅದರಲ್ಲೂ ಒಂದು ಗುಟ್ಟು ಉಂಟು, ಇದು ಯಾವ ವಿಡಿಯೊದಲ್ಲೂ ಸರಿಯಾಗಿ ಹೇಳಿರಲಿಲ್ಲ. ಈ ಸೆನ್ಸರ್‌ಗಳು ತಮ್ಮಷ್ಟಕ್ಕೆ ತಿದ್ದಿಕೊಳ್ಳುತ್ತವೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಸಂಖ್ಯೆಯನ್ನು ಹೊರಗಿನ ಶುದ್ಧ ಗಾಳಿ, ಅಂದರೆ ಸುಮಾರು 400 ಪಿಪಿಎಂ, ಅಂತ ಭಾವಿಸಿ ಲೆಕ್ಕ ಸರಿಮಾಡಿಕೊಳ್ಳುತ್ತವೆ. ಆಫೀಸಿನಲ್ಲಿ ಇದು ಸರಿ, ರಾತ್ರಿ ಖಾಲಿ ಇರುತ್ತದಲ್ಲ. ಅಣಬೆ ಕೋಣೆ ಯಾವತ್ತೂ ಖಾಲಿ ಇರುವುದಿಲ್ಲ. ಹಾಗಾಗಿ ಕೋಣೆಯಲ್ಲಿ 800 ಇದ್ದರೂ ಅದು ನಿಧಾನಕ್ಕೆ 400 ಅನ್ನಲು ಶುರು ಮಾಡುತ್ತದೆ. ಫ್ಯಾನ್ ಓಡುವುದು ನಿಲ್ಲುತ್ತದೆ, ಅಣಬೆಯ ಕಾಂಡ ಉದ್ದವಾಗುತ್ತದೆ, ಸ್ಕ್ರೀನ್ ಮೇಲೆ ಮಾತ್ರ ಎಲ್ಲ ಚೆನ್ನಾಗಿ ಕಾಣುತ್ತದೆ. ಈ ತಿದ್ದುಪಡಿಯನ್ನು ಕೋಡ್‌ನಲ್ಲಿ ಆಫ್ ಮಾಡಿ, ಸೆನ್ಸರನ್ನು ಆಗಾಗ ಅಂಗಳಕ್ಕೆ ತಂದು ಹೊರಗಾಳಿಯಲ್ಲಿ ಕೈಯಾರೆ ಸರಿಮಾಡಬೇಕು.

ತೇವಾಂಶಕ್ಕೆ ಎಸ್‌ಎಚ್‌ಟಿ31 ಅನ್ನುವ ಸೆನ್ಸರ್. ಕಡಿಮೆ ಬೆಲೆಯ ಡಿಎಚ್‌ಟಿ22 ಇಂಥ ಕೋಣೆಗೆ ಬೇಡ, ಸದಾ ಒದ್ದೆಯಲ್ಲಿದ್ದರೆ ಅದರ ಸಂಖ್ಯೆ ಮೇಲೆಯೇ ಅಂಟಿಕೊಳ್ಳುತ್ತದೆ. ಎಸ್‌ಎಚ್‌ಟಿ31ರಲ್ಲಿ ಸಣ್ಣ ಹೀಟರ್ ಒಳಗೇ ಇದೆ, ಆಗಾಗ ಆನ್ ಮಾಡಿದರೆ ಮೇಲೆ ಕೂತ ಹನಿ ಆರುತ್ತದೆ. ಸೆನ್ಸರ್ ಇಡುವ ಜಾಗ ಸೆನ್ಸರ್‌ನಷ್ಟೇ ಮುಖ್ಯ. ತೂಗುಹಾಕಿದ ಚೀಲಗಳ ನಡುಮಟ್ಟದಲ್ಲಿ, ಬಾಗಿಲಿನಿಂದ ದೂರ, ಹ್ಯುಮಿಡಿಫೈಯರ್ (ನೀರನ್ನು ಮಂಜಾಗಿ ಹಾರಿಸುವ ಯಂತ್ರ) ಬಿಡುವ ಮಂಜು ನೇರ ಬೀಳದ ಕಡೆ ಇರಬೇಕು. ನಾವು ಮೊಸರಿನ ಪ್ಲಾಸ್ಟಿಕ್ ಕಪ್‌ಗೆ ತೂತು ಕೊರೆದು ಬೋರಲು ಹಾಕಿ ಅದರೊಳಗೆ ಕೂರಿಸಿದ್ದೇವೆ. ಗಾಳಿ ಆಡುತ್ತದೆ, ಹನಿ ಬೀಳುವುದಿಲ್ಲ.

ಸೆನ್ಸರ್ ಓದಿ ಫ್ಯಾನ್, ಮಂಜು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ32, ಅದು ಹೇಳಿದಾಗ ಕರೆಂಟ್ ಹಾಕಿ ತೆಗೆಯುವ ರಿಲೇ, ಕಾಂಟ್ಯಾಕ್ಟರ್ ಎಲ್ಲ ಕೋಣೆಯ ಹೊರಗೆ, ನೀರು ಹೋಗದ ಪೆಟ್ಟಿಗೆಯಲ್ಲಿವೆ. ಒಳಗೆ ಹೋಗುವುದು ಸೆನ್ಸರ್ ವೈರ್ ಮತ್ತು ಫ್ಯಾನ್, ಹ್ಯುಮಿಡಿಫೈಯರ್‌ನ ಲೈನ್ ಮಾತ್ರ. ಇದನ್ನು ನನ್ನ ಕಸುಬಿನ ಮಾತಾಗಿ ಹೇಳುತ್ತೇನೆ: ಒದ್ದೆ ಕೋಣೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಒಂದು ಬಲ್ಬ್ ಕೂಡ ಹಾಕಬೇಡಿ. ಅಲ್ಲಿ ಬರಿಗಾಲಿನಲ್ಲಿ ಓಡಾಡುವುದು ನಮ್ಮ ಅಮ್ಮಂದಿರೇ.

ಚಳಿಗಾಲ ಸುಲಭದಲ್ಲಿ ಕಳೆಯಿತು. ಮುರಕಲ್ಲಿನ ಗೋಡೆ, ಹಂಚಿನ ಮಾಡು. ರಾತ್ರಿ ಕೋಣೆ ತಂಪಾಗಿಯೇ ಇರುತ್ತಿತ್ತು. ತೇವಾಂಶ ಶೇ 85ರ ಆಸುಪಾಸು, ಶಾಖ 25 ಡಿಗ್ರಿಯ ಹತ್ತಿರ. ಅಮ್ಮನಿಗೂ ಧೈರ್ಯ ಬಂತು. ಕಷ್ಟ ಶುರುವಾದದ್ದು ಮಾರ್ಚ್‌ನಲ್ಲಿ. ಫ್ಯಾನ್ ಓಡಿದರೆ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಆದರೆ ಹೊರಗಿನ ಬಿಸಿ, ಒಣ ಗಾಳಿ ಒಳಗೆ ಬಂದು ತೇವಾಂಶ ಶೇ 70ಕ್ಕೆ ಬೀಳುತ್ತದೆ. ಆಗ ಹ್ಯುಮಿಡಿಫೈಯರ್ ಆನ್ ಆಗುತ್ತದೆ. ಅದು ತುಂಬಿಸಿದ ಮಂಜನ್ನು ಫ್ಯಾನ್ ಮತ್ತೆ ಹೊರಗೆ ಎಳೆಯುತ್ತದೆ. ಎರಡೂ ಜಗಳಕ್ಕೆ ಬಿದ್ದ ಹಾಗೆ ಇಡೀ ದಿನ ಓಡಿದವು. ನೀರು ಖಾಲಿ, ಕರೆಂಟ್ ಖರ್ಚು, ಮೊಗ್ಗು ಮಾತ್ರ ಒಣಗಿ ಹಳದಿ. ಬಿಡಿಬಿಡಿಯಾಗಿ ನಿಯಮ ಬರೆದರೆ ಬೇಸಗೆಯಲ್ಲಿ ಹೀಗೇ ಆಗುವುದು. ಎರಡನ್ನೂ ಒಂದೇ ಸರದಿಗೆ ತಂದೆವು. ಫ್ಯಾನ್ ಎರಡು ನಿಮಿಷ ಓಡಿ ನಿಲ್ಲಬೇಕು, ಆಮೇಲೆ ಮಂಜು, ಆಮೇಲೆ ಸುಮ್ನೆ ಇರುವ ಹೊತ್ತು, ಮತ್ತೆ ಅಳತೆ. ಗಾಳಿ ಬರುವ ಕಿಂಡಿಗೆ ಒದ್ದೆ ಗೋಣಿ ಕಟ್ಟಿ ಅದರ ಮೇಲೆ ಸಣ್ಣ ಪೈಪಿನಿಂದ ನೀರು ತೊಟ್ಟಿಕ್ಕಿಸಿದೆವು. ಗೋಣಿಯಿಂದಾದ ಉಪಕಾರ ಯಾವ ಚಿಪ್‌ನಿಂದಲೂ ಆಗಲಿಲ್ಲ ಅಂತ ಹೇಳಲೇಬೇಕು.

ಬೇಸಗೆಯ ಇನ್ನೊಂದು ತೊಂದರೆ ನೀರಿನದು. ನಮ್ಮ ಬಾವಿ ಹೊಳೆಯ ಹತ್ತಿರ. ಏಪ್ರಿಲ್ ಹೊತ್ತಿಗೆ ನೀರು ಸ್ವಲ್ಪ ಉಪ್ಪಾಗುತ್ತದೆ. ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್ ನೀರನ್ನು ಕುದಿಸುವುದಿಲ್ಲ, ಪುಡಿ ಮಾಡಿ ಹಾರಿಸುತ್ತದೆ. ನೀರಿನಲ್ಲಿದ್ದ ಉಪ್ಪೂ ಹಾರುತ್ತದೆ. ಕ್ಯಾಮೆರಾದ ಗಾಜು, ಸೆನ್ಸರ್, ಫ್ಯಾನಿನ ರೆಕ್ಕೆ ಎಲ್ಲದರ ಮೇಲೂ ಬಿಳಿ ಪುಡಿ. ಕೊನೆಗೆ ಹ್ಯುಮಿಡಿಫೈಯರ್‌ಗೆ ಮಾತ್ರ ಫಿಲ್ಟರ್ ನೀರು ಕೊಂಡು ತಂದೆವು. ಸಮುದ್ರ, ಹೊಳೆ ಹತ್ತಿರ ಇರುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಕ್ಯಾಮೆರಾ. ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರ್ ಮತ್ತು ಅದರದ್ದೇ ಕ್ಯಾಮೆರಾ ಹಾಕಿದ್ದೇವೆ. ಅರ್ಧ ಗಂಟೆಗೊಮ್ಮೆ ಬಿಳಿ ಎಲ್‌ಇಡಿ ಹತ್ತುತ್ತದೆ, ಫೋಟೊ ತೆಗೆಯುತ್ತದೆ, ಆರುತ್ತದೆ. ಬಣ್ಣವನ್ನು ತಾನೇ ಸರಿಮಾಡಿಕೊಳ್ಳುವ ಆಟೊ ವೈಟ್ ಬ್ಯಾಲೆನ್ಸ್ ಆಫ್ ಇರಬೇಕು. ಇಲ್ಲವಾದರೆ ಚೀಲ ಕೆಡಿಸುವ ಹಸಿರು ಬೂಷ್ಟನ್ನೇ ಅದು ಬೂದು ಬಣ್ಣ ಮಾಡಿ ತೋರಿಸುತ್ತದೆ. ಕ್ಯಾಮೆರಾವನ್ನು ಮಾಡಿನಿಂದ ಕೆಳಗೆ ನೋಡುವ ಹಾಗೆ ಕಟ್ಟಿದರೆ ಪ್ರಯೋಜನ ಇಲ್ಲ. ಕೊಯ್ಲಿನ ಗುರುತು ಟೋಪಿಯ ಅಂಚಿನಲ್ಲಿದೆ, ಅಂಚು ಕಾಣುವುದು ಪಕ್ಕದಿಂದ. ಹಿಂದೆ ಕಪ್ಪು ಬಟ್ಟೆ ಕಟ್ಟಿ. ಬಿಳಿ ಚೀಲದ ಮುಂದೆ ಬಿಳಿ ಅಣಬೆ ನಮ್ಮ ಕಣ್ಣಿಗೇ ಸರಿ ಕಾಣುವುದಿಲ್ಲ, ಕಂಪ್ಯೂಟರ್‌ಗೆ ಎಲ್ಲಿ ಕಾಣುತ್ತದೆ.

ಕೊಯ್ಲಿಗೆ ಬಂದದ್ದು ಯಾವುದು ಅಂತ ಕಂಪ್ಯೂಟರ್‌ಗೆ ಕಲಿಸಲು ಫೋಟೊಗಳಿಗೆ ಗುರುತು ಹಾಕಬೇಕು, ಆ ಕೆಲಸ ಅಮ್ಮನದು. ಸಂಜೆ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆವು. ಮೊಮ್ಮಗ ಒಂದೊಂದೇ ಫೋಟೊ ತೋರಿಸುವುದು, ಅಜ್ಜಿ ಹೇಳುವುದು.

"ಇದು?"

"ಮೊಗ್ಗು. ಬಿಡು."

"ಇದು ಅಜ್ಜಿ?"

ಅಮ್ಮ ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು. "ಅಂಚು ಇನ್ನೂ ಒಳಗೆ ಮಡಚಿ ಉಂಟಲ್ಲ. ಆದರೆ ನಡುವೆ ಗುಳಿ ಬಿದ್ದಾಯ್ತು. ನಾಳೆ ಬೆಳಿಗ್ಗೆ ಅಂತ ಕಾದರೆ ಚಪ್ಪಟೆ ಆಗ್ತದೆ. ಇವತ್ತೇ ಕೊಯ್ಲಿಕ್ಕೆ ಬೇಕು."

ಆ ಹುಡುಗ ಅಲ್ಲಿವರೆಗೆ ಟೋಪಿಯ ಅಗಲ ಅಳೆದರೆ ಸಾಕು ಅಂದುಕೊಂಡಿದ್ದ. ಅಮ್ಮ ನೋಡುತ್ತಿದ್ದದ್ದು ಅಗಲವನ್ನಲ್ಲ, ಅಂಚು ಮತ್ತು ಗುಳಿಯನ್ನು. ಒಂದೇ ಅಗಲದ ಎರಡು ಅಣಬೆಯಲ್ಲಿ ಒಂದು ಎಳತು, ಇನ್ನೊಂದು ಬೀಜಕಣ ಬಿಡಲು ತಯಾರು. ಹಾಗಾಗಿ ನಾಲ್ಕು ಗುರುತು ಮಾಡಿದೆವು: ಮೊಗ್ಗು, ಕೊಯ್ಲಿಗೆ ಬಂದದ್ದು, ಅಂಚು ಮೇಲೆದ್ದದ್ದು, ಹಸಿರು ಬೂಷ್ಟು. ಬಿಡಿ ಅಣಬೆ ಎಣಿಸುವ ಗೋಜಿಗೆ ಹೋಗಲಿಲ್ಲ. ಒಂದರ ಮೇಲೊಂದು ಬರುವುದರಿಂದ ಇಡೀ ಗೊಂಚಲಿಗೆ ಒಂದು ಗುರುತು ಸಾಕು. ಕಲಿಸಲು ಬಳಸಿದ್ದು ಫೋಟೊದಲ್ಲಿ ವಸ್ತು ಗುರುತಿಸುವ ಯೋಲೋ ಅನ್ನುವ ಎಐ ಮಾದರಿ, ಗೂಗಲ್‌ನ ಕೊಲ್ಯಾಬ್ ಅನ್ನುವ ಆನ್‌ಲೈನ್ ಜಾಗದಲ್ಲಿ ಪುಕ್ಕಟೆ ಸಿಗುವ ಜಿಪಿಯು (ಇಂಥ ಲೆಕ್ಕವನ್ನು ಬೇಗ ಮಾಡುವ ಚಿಪ್). ಕೆಲವು ನೂರು ಫೋಟೊಗಳಿಂದಲೇ ಕೆಲಸ ಶುರುವಾಗುತ್ತದೆ.

ಇಲ್ಲಿ ಹುಡುಗನ ಕಾಲೇಜಿನ ಮೇಷ್ಟ್ರು ಹೇಳಿದ ಒಂದು ಮಾತು ತುಂಬಾ ಉಪಯೋಗಕ್ಕೆ ಬಂತು. ಅರ್ಧ ಗಂಟೆಗೊಮ್ಮೆ ತೆಗೆದ ಒಂದೇ ಚೀಲದ ಫೋಟೊಗಳು ಹೆಚ್ಚುಕಡಿಮೆ ಒಂದೇ. ಅದರಲ್ಲಿ ಕೆಲವನ್ನು ಕಲಿಸಲು, ಕೆಲವನ್ನು ಪರೀಕ್ಷೆಗೆ ಇಟ್ಟರೆ ಅಂಕ ಸಿಕ್ಕಾಪಟ್ಟೆ ಬರುತ್ತದೆ, ಹೊಸ ಚೀಲ ಬಂದ ಕೂಡಲೇ ಕೈಕೊಡುತ್ತದೆ. ಪರೀಕ್ಷೆಗೆ ಬೇರೆಯೇ ಚೀಲಗಳನ್ನು ತೆಗೆದಿಡಬೇಕು.

ಹಸಿರು ಬೂಷ್ಟಿನ ವಿಷಯದಲ್ಲಿ ಕ್ಯಾಮೆರಾದಿಂದ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಟ್ರೈಕೋಡರ್ಮಾ ಅನ್ನುವ ಈ ಬೂಷ್ಟು ಮೊದಲು ಬೆಳ್ಳಗೇ ಬರುತ್ತದೆ, ಹುಲ್ಲಿನಲ್ಲಿ ಹರಡುವ ಅಣಬೆಯ ಬಿಳಿ ಎಳೆಗಳ ಹಾಗೇ ಕಾಣುತ್ತದೆ. ಹಸಿರಾಗುವ ಹೊತ್ತಿಗೆ ಅದು ಹರಡಲು ತಯಾರು. ಬೇಸಗೆಯಲ್ಲಿ ಒಂದು ಕಡೆಯಿಂದ ತಂದ ಅಣಬೆ ಬೀಜ (ಚೀಲ ತುಂಬುವಾಗ ಹುಲ್ಲಿಗೆ ಸೇರಿಸುವ ಸ್ಪಾನ್) ಸರಿಯಿರಲಿಲ್ಲ. ಚೀಲಗಳು ಸಾಲಾಗಿ ಹಸಿರಾದವು. ಕ್ಯಾಮೆರಾ ಹೇಳಿತು ನಿಜ, ಆದರೆ ಅಮ್ಮ ಅದಕ್ಕೂ ಮೊದಲೇ "ಈ ಸಾಲಿನಿಂದ ಹುಳಿ ವಾಸನೆ ಬರ್ತಾ ಉಂಟು" ಅಂದಿದ್ದರು. ಅಷ್ಟೂ ಚೀಲ ಹೊರಗೆ ಸಾಗಿಸಿ ದೂರ ಹೂಳುವಾಗ ಅಮ್ಮ ಮಾತೇ ಆಡಲಿಲ್ಲ. ಒಂದು ಬೆಳೆ ಪೂರ್ತಿ ಹೋಯಿತು. ಈಗ ಬೀಜವನ್ನು ಮೊದಲೇ ಬುಕ್ ಮಾಡಿ, ತಯಾರಾದ ದಿನಾಂಕ ನೋಡಿಯೇ ತರುತ್ತೇವೆ. ಹೊಸಬರು ಬ್ರಹ್ಮಾವರದ ಅಥವಾ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲೂ ಅಣಬೆ ವಿಭಾಗ ಇದೆ. ಬೈಹುಲ್ಲನ್ನು 65ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡುವುದನ್ನು ಮಾತ್ರ ಯಾವ ಕಾರಣಕ್ಕೂ ಅವಸರ ಮಾಡಬೇಡಿ.

ಮಳೆಗಾಲದಲ್ಲಿ ಚಿತ್ರ ಪೂರ್ತಿ ಬದಲಾಯಿತು. ಹೊರಗಿನ ಗಾಳಿಯೇ ಅಣಬೆಗೆ ಬೇಕಾದಷ್ಟು ಒದ್ದೆ. ಹ್ಯುಮಿಡಿಫೈಯರ್ ದಿನಗಟ್ಟಲೆ ಆನ್ ಆಗಲಿಲ್ಲ. ಈಗಿನ ತೊಂದರೆ ಟೋಪಿಯ ಮೇಲೆ ನೀರು ನಿಂತು ಹಳದಿ ಕಲೆ ಬೀಳುವುದು. ಹಾಗಾಗಿ ಮಳೆಗಾಲಕ್ಕೆ ಬೇರೆ ಸೆಟ್ಟಿಂಗ್: ಮಂಜು ಇಲ್ಲ, ಒಳಗೆ ಗಾಳಿ ಆಡಿಸುವ ಸಣ್ಣ ಫ್ಯಾನ್ ಮಾತ್ರ. ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ದಿನಗಳೂ ಇದ್ದವು. ಎಕ್ಸಾಸ್ಟ್ ಫ್ಯಾನ್, ಇಎಸ್‌ಪಿ32 ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿದ್ದರಿಂದ ಬಚಾವಾದೆವು. ಇಂಟರ್ನೆಟ್ ಹೋದರೂ, ಪೈ ನಿಂತರೂ ಇಎಸ್‌ಪಿ32 ಒಂದೇ ಫ್ಯಾನ್, ಮಂಜು ನೋಡಿಕೊಳ್ಳುವ ಹಾಗೆ ಬರೆದಿರಬೇಕು. ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಸಿಗುವ ದೂರದ ಸರ್ವರ್ ನಂಬಿ ಕೂತರೆ ನಮ್ಮೂರಿನ ಜುಲೈ ತಿಂಗಳು ದಾಟುವುದು ಕಷ್ಟ.

ಖರ್ಚಿನ ಲೆಕ್ಕ ಕೇಳುವವರಿಗೆ: ಸೆನ್ಸರ್ ಮತ್ತು ಬೋರ್ಡ್‌ಗಳು ಐದು ಸಾವಿರದ ಮೇಲೆ, ಪೆಟ್ಟಿಗೆ, ಕಾಂಟ್ಯಾಕ್ಟರ್, ಆರ್‌ಸಿಸಿಬಿ ಸುಮಾರು ನಾಲ್ಕೂವರೆ, ಹ್ಯುಮಿಡಿಫೈಯರ್ ಏಳೂವರೆ, ಪೈ ಮತ್ತು ಕ್ಯಾಮೆರಾ ಒಂಬತ್ತೂವರೆ. ಫ್ಯಾನ್, ವೈರ್ ಸೇರಿ ಒಟ್ಟು 32,000 ಹತ್ತಿರ. ಡ್ರೈಯರ್ ಬೇರೆ. ವೈರಿಂಗ್ ಕೂಲಿ ನನಗೆ ಬೀಳಲಿಲ್ಲ, ನಿಮಗೆ ಬೀಳುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಕ್ಯಾಮೆರಾ ಆಮೇಲೆ ನೋಡಿ. ಗಾಳಿ, ತೇವ ಸರಿಯಾಗದೆ ಕ್ಯಾಮೆರಾ ಹಾಕಿದರೆ ಕೆಟ್ಟ ಅಣಬೆಯ ಒಳ್ಳೆ ಫೋಟೊ ಸಿಗುತ್ತದೆ, ಅಷ್ಟೇ.

ಒಣ ಅಣಬೆ ಪೊಟ್ಟಣಕ್ಕೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಆನ್‌ಲೈನ್‌ನಲ್ಲೇ ಆಯಿತು. ನಾವು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ತೂಕ, ಪ್ಯಾಕ್ ಮಾಡಿದ ದಿನ, ಬೆಲೆ ಇರಲೇಬೇಕು.

ಈಗ ಅಮ್ಮನ ಫೋನಿಗೆ ಬೆಳಿಗ್ಗೆ ಐದೂವರೆಗೆ ಒಂದು, ಸಂಜೆ ಐದಕ್ಕೆ ಒಂದು ಮೆಸೇಜ್ ಬರುತ್ತದೆ: ಯಾವ ಸಾಲಿನ ಯಾವ ಚೀಲ ಕೊಯ್ಯಬೇಕು ಅಂತ. ಹೋಗುವ ಮೊದಲು ಹೊರಗಿನ ಸ್ವಿಚ್ ಒತ್ತಿದರೆ ಎಕ್ಸಾಸ್ಟ್ ಫ್ಯಾನ್ ಕಾಲು ಗಂಟೆ ಜೋರಾಗಿ ಓಡುತ್ತದೆ. ಆಮೇಲೆ ಮಾಸ್ಕ್ ಹಾಕಿ ಒಳಗೆ ಹೋಗಿ ಹೇಳಿದ್ದನ್ನಷ್ಟೇ ಕೊಯ್ದು ಬರುತ್ತಾರೆ. ಅಂಚು ಮೇಲೆದ್ದ ಗೊಂಚಲು ಈಗ ಅಪರೂಪ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಧ್ಯಾಹ್ನದವರೆಗೆ ಎಳೆಯುವುದು ನಿಂತಿದೆ. ಡಾಕ್ಟರ್ ಹತ್ತಿರ ತಪಾಸಣೆ ಮುಂದುವರಿದಿದೆ. ಅಣಬೆ ಬೆಳೆಯುವವರ ಮನೆಯಲ್ಲಿ ಯಾರಿಗಾದರೂ ಇಂಥ ಕೆಮ್ಮು ಇದ್ದರೆ ಕೋಣೆಯ ವಿಷಯವನ್ನು ಡಾಕ್ಟರ್‌ಗೆ ನೀವೇ ಮೊದಲು ಹೇಳಿ.

ಉಳಿದಿರುವುದು ನೊಣದ ಕೆಲಸ. ಮಳೆಗಾಲದಲ್ಲಿ ಸಣ್ಣ ಕಪ್ಪು ನೊಣ ಜಾಸ್ತಿ. ಅದಕ್ಕೆ ಹಳದಿ ಅಂಟು ಕಾರ್ಡ್ ತೂಗುಹಾಕಿದ್ದೇವೆ. ಕಾರ್ಡಿನ ಮೇಲೆ ಕೂತ ನೊಣಗಳನ್ನು ಅದೇ ಕ್ಯಾಮೆರಾದಿಂದ ಎಣಿಸಲು ಅಕ್ಕನ ಮಗ ಈಗ ಕಲಿಸುತ್ತಿದ್ದಾನೆ. ನೀರಿನ ಹನಿಯನ್ನೂ ಅದು ನೊಣ ಅನ್ನುತ್ತಿದೆ. ಹಾಗಾಗಿ ಅಮ್ಮ ಮತ್ತೆ ಕನ್ನಡಕ ಹಾಕಿ ಚಾವಡಿಯಲ್ಲಿ ಫೋಟೊ ನೋಡಲು ಕೂತಿದ್ದಾರೆ.